ಔಷಧ ನುಂಗಿದವರಿಗೆ ಮಾದಕ ವ್ಯಸನಿಯ ಹಣೆಪಟ್ಟಿ?

ಮೋಕದ ಯುವಕನೊಬ್ಬನಿಗೆ ಬಳ್ಳಾರಿ ಕಡೆಯ ಕಾರ್ಖಾನೆಯಲ್ಲಿ ನೌಕರಿ ಸಿಗುವುದರಲ್ಲಿದೆ ಎಂದಿಟ್ಟುಕೊಳ್ಳೋಣ. ವೈದ್ಯಕೀಯ ತಪಾಸಣೆಯ ವೇಳೆ ಮಾಡಿದ ಮೂತ್ರ ಪರೀಕ್ಷೆಯಲ್ಲಿ ‘ಅಫೀಮು ವರ್ಗ: ಪಾಸಿಟಿವ್’ ಎಂದು ಬರುತ್ತದೆ. ಬೀಡಿಯನ್ನೂ ಮುಟ್ಟದ ಹುಡುಗ. ಅವನು ಸೇವಿಸುತ್ತಿದ್ದುದು ಕ್ಷಯರೋಗದ ಮಾತ್ರೆ ಮಾತ್ರ. ಮನೆಯವರು ಊರವರಿಗೆ ಏನೆಂದು ಹೇಳಬೇಕು? ಇದು ಕಲ್ಪಿತ ಸಂದರ್ಭ. ಆದರೆ ಹೀಗಾಗುವುದು ಸಾಧ್ಯ.

ಹೀಗೇಕಾಗುತ್ತದೆ?

ಪಟ್ಟಿಯ ಮೇಲೆ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ತೋರಿಸುವ ಪರೀಕ್ಷೆಯಲ್ಲಿ ಪ್ರತಿಕಾಯಗಳನ್ನು ಬಳಸುತ್ತಾರೆ. ಇವು ಮಾದಕ ವಸ್ತುವಿನ ಅಣುವನ್ನು ಅದರ ಆಕಾರದಿಂದ ಗುರುತಿಸುತ್ತವೆ. ಒಂದು ಬೀಗಕ್ಕೆ ಅದನ್ನೇ ಹೋಲುವ ಬೇರೆ ಕೀಲಿಯೂ ಕೆಲವೊಮ್ಮೆ ಹೊಂದುವಂತೆ, ಬೇರೆ ಔಷಧದ ಅಣುವಿಗೂ ಇವು ಅಂಟಿಕೊಳ್ಳಬಹುದು. ಇದೇ ‘ಹುಸಿ ಪಾಸಿಟಿವ್’.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಸೋಂಕಿಗೆ ಕೊಡುವ ಆಫ್ಲಾಕ್ಸಸಿನ್ ಮತ್ತು ಲೆವೊಫ್ಲಾಕ್ಸಸಿನ್ ಕೆಲವು ಕಿಟ್‌ಗಳಲ್ಲಿ ಅಫೀಮಿನಂತೆ ಕಾಣಿಸಿಕೊಂಡಿವೆ. ಹೊಟ್ಟೆಯುರಿಗೆ ಕೊಡುವ ರಾನಿಟಿಡಿನ್, ರಕ್ತದೊತ್ತಡದ ಲ್ಯಾಬಿಟಲಾಲ್, ಅಲರ್ಜಿಯ ಪ್ರೊಮೆಥಜಿನ್ ಆಂಫೆಟಮಿನ್‌ನಂತೆ ತೋರಬಹುದು. ಖಿನ್ನತೆಗೆ ಕೊಡುವ ಸರ್ಟ್ರಲಿನ್ ನಿದ್ರೆಮಾತ್ರೆಯ ವರ್ಗದ್ದೆಂದು ತೋರಿದ್ದುಂಟು. ಎಲ್ಲ ಕಿಟ್‌ಗಳಲ್ಲೂ, ಎಲ್ಲರಲ್ಲೂ ಹೀಗಾಗುವುದಿಲ್ಲ.

ಗಸಗಸೆ ಪಾಯಸದ ಮಾತು

ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನ ವಿಷಯ ಬೇರೆ. ಕೊಡೀನ್ ಅಫೀಮು ವರ್ಗದ್ದೇ ಆದ್ದರಿಂದ ಆ ಫಲಿತಾಂಶ ಹುಸಿಯಲ್ಲ. ವೈದ್ಯರ ಚೀಟಿಯೇ ಅದಕ್ಕೆ ಸಮಾಧಾನ. ನಮ್ಮ ಹಬ್ಬದ ಗಸಗಸೆಯೂ ಅಫೀಮು ಗಿಡದ ಬೀಜವೇ. ಅದರಲ್ಲಿ ಅಲ್ಪ ಪ್ರಮಾಣದ ಮಾರ್ಫಿನ್ ಇರಬಹುದು. ಈ ಕಾರಣದಿಂದಲೇ ಅಮೆರಿಕದ ಕೇಂದ್ರ ಸರ್ಕಾರ 1998ರಲ್ಲಿ ತನ್ನ ನೌಕರರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿತು. ಪರೀಕ್ಷೆ ಗೊತ್ತಾಗಿದ್ದರೆ ಮೂರು ನಾಲ್ಕು ದಿನ ಮೊದಲೇ ಪಾಯಸ ಬಿಡುವುದು ಲೇಸು.

ಎರಡನೆಯ ಪರೀಕ್ಷೆ

ಮೊದಲ ಪರೀಕ್ಷೆ ಕೇವಲ ಸಂದೇಹ ಹುಟ್ಟಿಸುತ್ತದೆ, ತೀರ್ಪು ಕೊಡುವುದಿಲ್ಲ. ಅಣುಗಳನ್ನು ಬೇರ್ಪಡಿಸಿ ಒಂದೊಂದನ್ನೂ ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿ ಪರೀಕ್ಷೆಯಲ್ಲಿ ನಿಜಾಂಶ ತಿಳಿಯುತ್ತದೆ. ನಮ್ಮ ದೇಶದಲ್ಲಿ 2022ರ ಜನವರಿ 31ರಿಂದ ಜಾರಿಗೆ ಬಂದ ವಿಮಾನಯಾನ ಸಿಬ್ಬಂದಿಯ ಪರೀಕ್ಷಾ ನಿಯಮದಲ್ಲೂ ಮೊದಲ ಪರೀಕ್ಷೆಯ ನಂತರ ಇಂಥ ದೃಢೀಕರಣ ಪರೀಕ್ಷೆಗೆ ಅವಕಾಶವಿದೆ.

ಹೀಗೆ ಮಾಡಿ

* ಮೂತ್ರ ಕೊಡುವ ಮೊದಲೇ, ಇತ್ತೀಚೆಗೆ ಸೇವಿಸಿದ ಎಲ್ಲ ಔಷಧಗಳ ಹೆಸರನ್ನು ಬರೆದುಕೊಡಿ. ಅಂಗಡಿಯಲ್ಲಿ ನೇರವಾಗಿ ಕೊಂಡ ನೆಗಡಿ ಮಾತ್ರೆಯೂ ಪಟ್ಟಿಯಲ್ಲಿರಲಿ.

* ವೈದ್ಯರ ಚೀಟಿ, ಔಷಧದ ರಸೀದಿ, ಖಾಲಿ ಪಟ್ಟಿ ಇವನ್ನು ಎಸೆಯಬೇಡಿ.

* ಪಾಸಿಟಿವ್ ಬಂದರೆ ಗಾಬರಿಯಾಗದೆ, ಅದೇ ಮಾದರಿಯ ದೃಢೀಕರಣ ಪರೀಕ್ಷೆಯನ್ನು ಲಿಖಿತವಾಗಿ ಕೇಳಿ.

* ಪರೀಕ್ಷೆಗೆ ಹೆದರಿ ಔಷಧ ನಿಲ್ಲಿಸಬೇಡಿ. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು, ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು.

ಮನೆಯ ಹಿರಿಯರಿಗೆ ಒಂದು ಮಾತು: ಪಟ್ಟಿಯ ಮೇಲಿನ ಒಂದು ಗೆರೆ ನೋಡಿ ಮಗನನ್ನು ಬೈಯುವ ಮೊದಲು, ಅವನು ಯಾವ ಮಾತ್ರೆ ನುಂಗುತ್ತಿದ್ದಾನೆಂದು ಕೇಳಿ.