ಕಾಲು ಸೋತರೂ ತೋಟ ಸೋಲಬಾರದು

ಯಜಮಾನನಾದವನು ದಿನಕ್ಕೊಮ್ಮೆಯಾದರೂ ತೋಟ ಸುತ್ತಬೇಕೆಂಬುದು ನಮ್ಮ ಹಿರಿಯರು ಹೇಳಿಕೊಟ್ಟ ಮಾತು. ಕಾಫಿಗಿಡಕ್ಕೆ ಕಾಂಡಕೊರಕ ಬಿದ್ದಿರಲಿ, ಅಡಿಕೆಗೆ ಕೊಳೆ ತಗುಲಿರಲಿ, ಬೇಲಿ ಮುರಿದಿರಲಿ, ನಡೆದವನಿಗೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಹೀಗಿರುವಾಗ ಕಾಲಿನ ಬಲವೇ ಕುಂದಿದರೆ ಸಣ್ಣ ಹಿಡುವಳಿದಾರನ ಗತಿಯೇನು? ಬೆಲೆ, ಗೊಬ್ಬರ, ಔಷಧಿಗಳ ವಿಚಾರವನ್ನು ಪ್ರತಿ ಸಂಚಿಕೆಯಲ್ಲೂ ಚರ್ಚಿಸುವ ನಾವು, ಈ ಸಲ ಈ ವಿಚಾರವನ್ನು ಸದಸ್ಯ ಬಂಧುಗಳ ಮುಂದಿಡಲು ಇಚ್ಛಿಸಿದ್ದೇವೆ.

ಕೊಡಗು, ಹುಣಸೂರು, ಹಾಸನದ ಕಡೆಯ ನಮ್ಮ ಬೆಳೆಗಾರರಿಗೆ ದೊಡ್ಡ ಆಸ್ಪತ್ರೆಯೆಂದರೆ ಬಹಳ ಮಟ್ಟಿಗೆ ಮೈಸೂರೇ. ಹಾಗೆ ಮೈಸೂರಿಗೆ ಹೋಗಿ ಬಂದ ಕೆಲವು ಮನೆಗಳವರು ಈಚೆಗೆ ಒಂದು ಹೊಸ ಹೆಸರನ್ನು ಹೊತ್ತು ತರುತ್ತಿದ್ದಾರೆ. ಅದು ಮಲ್ಟಿಪಲ್ ಸ್ಕ್ಲೆರೋಸಿಸ್. ವೈದ್ಯರು ಚಿಕ್ಕದಾಗಿ ಎಂ.ಎಸ್. ಎನ್ನುತ್ತಾರೆ. ಹೆಸರು ನಮಗೆ ಹೊಸದೇ ಹೊರತು ರೋಗ ಹೊಸದಲ್ಲ. ಫ್ರಾನ್ಸ್ ದೇಶದ ವೈದ್ಯ ಶಾರ್ಕೊ 1868ರಲ್ಲಿಯೇ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದ್ದರು.

ರೋಗವೆಂದರೇನು?

ಪಂಪುಸೆಟ್ಟಿನ ತಂತಿಯನ್ನು ನೆನೆಯಿರಿ. ಒಳಗೆ ತಾಮ್ರ, ಮೇಲೆ ರಬ್ಬರಿನ ಹೊದಿಕೆ. ಇಲಿ ಆ ಹೊದಿಕೆಯನ್ನು ಅಲ್ಲಲ್ಲಿ ಕಡಿದರೆ ಮೋಟಾರು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ದೋಷ ಮೋಟಾರಿನದಲ್ಲ, ತಂತಿಯದು. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೂ ಇಂಥದೇ ಒಂದು ಕವಚವಿದೆ. ಅದಕ್ಕೆ ಮಯಲಿನ್ ಎಂದು ಹೆಸರು. ರೋಗಾಣುಗಳನ್ನು ಎದುರಿಸಬೇಕಾದ ನಮ್ಮ ದೇಹದ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ ಈ ಕವಚದ ಮೇಲೆ ಬಿದ್ದಾಗ ಎಂ.ಎಸ್. ಉಂಟಾಗುತ್ತದೆ. ಕಾಲಿನ ಮಾಂಸಖಂಡ ಗಟ್ಟಿಯಾಗಿಯೇ ಇದ್ದರೂ ಮಿದುಳಿನ ಅಪ್ಪಣೆ ಅದಕ್ಕೆ ಸರಿಯಾಗಿ ತಲುಪುವುದಿಲ್ಲ.

ಸಾಮಾನ್ಯವಾಗಿ 20ರಿಂದ 40ರ ನಡುವಿನ ವಯಸ್ಸಿನಲ್ಲಿ, ಅಂದರೆ ದುಡಿಯುವ ಪ್ರಾಯದಲ್ಲಿಯೇ, ಇದು ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. 2020ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಮಂದಿಗೆ ಈ ರೋಗವಿತ್ತು. ಯೂರೋಪಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಇದು ವಿರಳವೇ. ಇದು ಅಂಟುರೋಗವಲ್ಲ. ತಾಯಿ ತಂದೆಯಿಂದ ಮಕ್ಕಳಿಗೆ ಬಂದೇ ಬರುವಂಥದೂ ಅಲ್ಲ. ರೋಗಿಗಳು ಮದುವೆಯಾಗಬಹುದು, ಮಕ್ಕಳನ್ನು ಪಡೆಯಬಹುದು. ಬಸಿರಿನ ವಿಚಾರದಲ್ಲಿ ಮಾತ್ರ ಔಷಧಿಗಳ ಬಗ್ಗೆ ವೈದ್ಯರನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು. ಸಂಬಂಧ ಮುರಿಯಲು ಇದನ್ನು ನೆಪ ಮಾಡುವವರು ಈ ಮಾತನ್ನು ಗಮನಿಸಬೇಕು.

ಕುಡಿದವನೆಂಬ ಅಪವಾದ

ನಮ್ಮ ಸದಸ್ಯರೊಬ್ಬರ ಸಂಗತಿಯನ್ನು ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇವೆ. ನಾಲ್ಕು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆ. ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಒಂದು ಕಣ್ಣು ಮಂಜಾಗಿ ನೋಯಿತು. ಕೆಲವು ವಾರಗಳಲ್ಲಿ ತಾನೇ ಸರಿಹೋಯಿತು. ಮೂರು ವರ್ಷ ಬಿಟ್ಟು ಪಾದ ಜೋಮು ಹಿಡಿಯಿತು, ಅದೂ ಇಳಿಯಿತು. ಮುಂದೆ ಒಂದು ಕಾಫಿ ಕುಯ್ಲಿನಲ್ಲಿ ಬಲಗಾಲು ಎಳೆಯತೊಡಗಿತು. ಬೆಳಿಗ್ಗೆ ನೆಟ್ಟಗೆ ನಡೆದವರು ಮಧ್ಯಾಹ್ನದ ಬಿಸಿಲಿಗೆ ತೂರಾಡುತ್ತಿದ್ದರು. ಕೂಲಿಯವರು ಅವರ ಬೆನ್ನ ಹಿಂದೆ ನಕ್ಕರು. ಮನೆಯಲ್ಲೂ ಬಾಯಿ ಮೂಸಿ ನೋಡುವ ಹಂತಕ್ಕೆ ಬಂತು. ಎಂದೂ ಕುಡಿಯದ ಮನುಷ್ಯ ಊರಿನ ಕಣ್ಣಿನಲ್ಲಿ ಕುಡುಕನಾದ. ಕೊನೆಗೆ ಮೈಸೂರಿನಲ್ಲಿ ಎಂ.ಆರ್.ಐ. ತೆಗೆಸಿದಾಗ ವಿಷಯ ತಿಳಿಯಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು, ತೋಟ ಮಾರುವ ಮಾತೂ ಎದ್ದಿತ್ತು.

ಬಂದು ಹೋಗುವುದೇ ಈ ರೋಗದ ಸ್ವಭಾವ. ಹೋಯಿತೆಂದು ಸುಮ್ಮನಾಗುವುದೇ ಅಪಾಯ. ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದಂತೆ ಮಂಜಾಗುವುದು, ಕೈಕಾಲು ಅಥವಾ ಸೊಂಟದ ಸುತ್ತ ಜೋಮು, ಕಾಲು ಸೆಡೆತು ಹಿಡಿಯುವುದು, ಪಾದದ ತುದಿ ನೆಲಕ್ಕೆ ತಗುಲಿ ಎಡವುವುದು, ಮೂತ್ರ ತಡೆಯಲಾಗದಿರುವುದು, ನಿದ್ದೆ ಮಾಡಿದರೂ ನೀಗದ ಆಯಾಸ, ಇವುಗಳಲ್ಲಿ ಯಾವುದಾದರೂ ಒಂದು ದಿನಕ್ಕಿಂತ ಹೆಚ್ಚು ನಿಂತರೆ ವೈದ್ಯರನ್ನು ಕಾಣಬೇಕು. ಯಾವಾಗ ಬಂತು, ಎಷ್ಟು ದಿನ ಇತ್ತು ಎಂದು ತೋಟದ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಟ್ಟರೆ ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಎಲ್ಲ ಕಾಲುಸೋಲೂ ಎಂ.ಎಸ್. ಅಲ್ಲ

ಕಾಲಿನ ಬಲ ಕುಂದಿಸುವ ಕಾರಣಗಳು ಅನೇಕ. ಬಿ12 ಜೀವಸತ್ವದ ಕೊರತೆ, ಸಕ್ಕರೆ ಕಾಯಿಲೆ, ಬೆನ್ನುಮೂಳೆಯ ಡಿಸ್ಕ್ ಜಾರುವುದು, ಬೆನ್ನುಮೂಳೆಯ ಕ್ಷಯ ಇವೆಲ್ಲ ಹೀಗೆ ಮಾಡಬಲ್ಲವು. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಅಪರೂಪವಲ್ಲ, ಬೇಗ ಕಂಡುಹಿಡಿದರೆ ಚಿಕಿತ್ಸೆಯೂ ಸುಲಭ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದು ಆ ಊರಿನ ಹೆಸರನ್ನೇ ಪಡೆದ ಕಾಯಿಲೆಯನ್ನು ಮಲೆನಾಡಿಗರು ಬಲ್ಲರು. ಅದೂ ನಡಿಗೆಯನ್ನು ಕಸಿಯುತ್ತದೆ. ಆದರೆ ಅದು ಸೊಂಟ, ಮೊಣಕಾಲುಗಳ ಕೀಲಿಗೆ ಸೇರಿದ್ದು, ನರಕ್ಕಲ್ಲ. ಎನ್.ಎಂ.ಓ. ಎಂಬ ಇನ್ನೊಂದು ನರರೋಗವಂತೂ ಎಂ.ಎಸ್.ನಂತೆಯೇ ಕಾಣುತ್ತದೆ. ಎಂ.ಎಸ್.ಗೆ ಕೊಡುವ ಕೆಲವು ಔಷಧಿಗಳು ಅದನ್ನು ಉಲ್ಬಣಗೊಳಿಸುವುದುಂಟು. ಆದಕಾರಣ ಒಬ್ಬರ ಮಾತ್ರೆಯನ್ನು ಮತ್ತೊಬ್ಬರು ನುಂಗುವ ನಮ್ಮ ಊರುಗಳ ಅಭ್ಯಾಸ ಇಲ್ಲಿ ಸಲ್ಲದು.

ತೋರಿಸಬೇಕಾದದ್ದು ನರರೋಗ ತಜ್ಞರಿಗೆ, ಮೂಳೆ ತಜ್ಞರಿಗಲ್ಲ. ಮೈಸೂರಿನಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳಿವೆ. ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಕಂಡುಬಂದರೆ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇದೆ. ರೋಗಿಗಳ ಪರವಾಗಿ ಕೆಲಸ ಮಾಡುವ ಭಾರತೀಯ ಎಂ.ಎಸ್. ಸೊಸೈಟಿ 1985ರಲ್ಲಿ ಹುಟ್ಟಿಕೊಂಡಿತು. ಅದರ ಶಾಖೆ ಬೆಂಗಳೂರಿನಲ್ಲಿಯೂ ಇದೆ.

ಬುಡಮಟ್ಟ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಆದರೆ ರೋಗ ಕೆರಳಿದಾಗ ಕೆಲವು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು ಬೇಗ ಇಳಿಸುತ್ತಾರೆ. ಮರಳಿ ಮರಳಿ ಕೆರಳದಂತೆ ತಡೆಯುವ ಔಷಧಿಗಳು 1993ರಿಂದ ಈಚೆಗೆ ಒಂದೊಂದಾಗಿ ಬಂದಿವೆ. ಹೋದ ಕವಚವನ್ನು ಇವು ತಂದುಕೊಡಲಾರವು, ಇರುವುದನ್ನು ಉಳಿಸುತ್ತವೆ. ಕೊಳೆ ಬರುವ ಮುಂಚೆ ಬೋರ್ಡೋ ಹೊಡೆಯುವ ನಮಗೆ ಈ ಮಾತಿನ ಅರ್ಥ ಬೇರೆ ಹೇಳಬೇಕಿಲ್ಲ. ಆರಾಮವಾಯಿತೆಂದು ನಡುವೆ ಔಷಧಿ ಬಿಡಬಾರದು. ಬೀಡಿ ಸಿಗರೇಟು ಈ ರೋಗವನ್ನು ಹೆಚ್ಚಿಸುತ್ತವೆ, ಬಿಟ್ಟರೆ ಲಾಭ.

ಹಂಡೆನೀರಿನ ಎಚ್ಚರಿಕೆ

ಕಾಲು ಸೋತಿತೆಂದರೆ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರು ಹೊಯ್ಯುವುದು ನಮ್ಮ ಮನೆಗಳ ಪದ್ಧತಿ. ಬೇರೆ ನೋವಿಗೆ ಅದು ಹಿತ. ಎಂ.ಎಸ್. ಇರುವವರಿಗೆ ಅದೇ ತೊಂದರೆ. ಮೈ ಬಿಸಿಯೇರಿದಾಗ ಕವಚ ಕಳೆದುಕೊಂಡ ನರದಲ್ಲಿ ಸಂದೇಶ ಇನ್ನಷ್ಟು ಕುಂಠಿತವಾಗಿ, ಬಚ್ಚಲಿಗೆ ನಡೆದು ಹೋದವರು ಹೊರಗೆ ಬರಲಾರದೆ ಕೂರುವುದುಂಟು. ಜರ್ಮನಿಯ ಊಟ್‌ಹಾಫ್ ಎಂಬ ನೇತ್ರವೈದ್ಯರು 1890ರಲ್ಲಿ ಇದನ್ನು ಗುರುತಿಸಿದರು. ಎಂ.ಆರ್.ಐ. ಬರುವುದಕ್ಕೆ ಮೊದಲು ರೋಗಿಯನ್ನು ಬಿಸಿನೀರಿನಲ್ಲಿ ಕೂರಿಸಿ ಬಲ ಕುಂದುತ್ತದೆಯೇ ಎಂದು ಪರೀಕ್ಷಿಸುವ ಕ್ರಮವೂ ಇತ್ತು.

ಇದಕ್ಕೆ ಹೆದರಬೇಕಾಗಿಲ್ಲ, ಮೈ ತಣಿದ ಮೇಲೆ ಬಲ ಹಿಂದಿನ ಮಟ್ಟಕ್ಕೆ ಬರುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಅಡಿಕೆ ಬೇಯಿಸುವ ಒಲೆಯ ಮುಂದೆ, ಕಾಫಿ ಒಣಗುವ ಕಣದ ನಡುಬಿಸಿಲಿನಲ್ಲಿ ನಿಲ್ಲುವ ಕೆಲಸವನ್ನು ಬೇರೆಯವರಿಗೆ ವಹಿಸಬೇಕು. ತೋಟ ಸುತ್ತುವುದನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ, ಕತ್ತಿಗೆ ಒದ್ದೆ ವಸ್ತ್ರ ಸುತ್ತಿಕೊಳ್ಳಬಹುದು. ಜ್ವರ, ಮೂತ್ರದ ಸೋಂಕು ಬಂದಾಗಲೂ ಕಾಲು ಸೋಲುತ್ತದೆ. ಆಗ ಮೊದಲು ಜ್ವರಕ್ಕೆ ಔಷಧಿ ನಡೆಯಬೇಕು.

ನಡಿಗೆಗೆ ನೆರವು

ಹಿಂದೆ ಈ ರೋಗಿಗಳಿಗೆ ಮಲಗಿರಲು ಹೇಳುತ್ತಿದ್ದರು. ಈಗ ಆ ಅಭಿಪ್ರಾಯ ಪೂರ್ತಿ ಬದಲಾಗಿದೆ. ಮಿತವಾದ ವ್ಯಾಯಾಮ ಬೇಕೇ ಬೇಕು. ಸ್ವಲ್ಪ ನಡೆದು, ಕೂತು, ಮತ್ತೆ ನಡೆಯುವುದು ಒಳ್ಳೆಯ ಕ್ರಮ. ಚಿಕಿತ್ಸೆಗೆಂದು ಮೈಸೂರಿನಲ್ಲಿ ಉಳಿದವರಿಗೆ ಕುಕ್ಕರಹಳ್ಳಿ ಕೆರೆಯ ಏರಿಯ ಸಮತಟ್ಟು ದಾರಿ ಬೆಳಗಿನ ಹೊತ್ತಿಗೆ ಅನುಕೂಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಹರಕೆ ಹೊತ್ತವರು ಬಸ್ಸಿನಲ್ಲಿ ಹೋಗಿ ಬರಲಿ, ತಾಯಿ ಮುನಿಯುವುದಿಲ್ಲ.

ಈ ಕೆಳಗಿನವು ಫಿಸಿಯೋಥೆರಪಿಯವರು ಹೇಳಿಕೊಡುವ ಸಾಮಾನ್ಯ ಮಾತುಗಳು:

1. ಊರುಗೋಲನ್ನು ಸೋತ ಕಾಲಿನ ಕಡೆಯ ಕೈಯಲ್ಲಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕಿರಬೇಕು. ತುದಿಯ ರಬ್ಬರು ಸವೆದರೆ ಬದಲಿಸಬೇಕು.

2. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

3. ಪಾದ ಜೋಲುತ್ತಿದ್ದರೆ ಅದನ್ನು ಎತ್ತಿ ಹಿಡಿಯುವ ಹಗುರವಾದ ಪ್ಲಾಸ್ಟಿಕ್ ಪಟ್ಟಿ ದೊರೆಯುತ್ತದೆ. ಅಳತೆ ಕೊಟ್ಟು ಮಾಡಿಸಬೇಕು.

4. ಸೆಡೆತುಕೊಂಡ ಮೀನಖಂಡವನ್ನು ದಿನವೂ ನಿಧಾನವಾಗಿ ಎಳೆದು ಹಿಗ್ಗಿಸಬೇಕು, ಕುಲುಕಬಾರದು. ಸೆಡೆತಕ್ಕೆ ಮಾತ್ರೆಗಳೂ ಇವೆ. ಅವನ್ನು ಒಮ್ಮೆಲೇ ನಿಲ್ಲಿಸಬಾರದು.

ಗಾಲಿಕುರ್ಚಿಯೆಂದರೆ ಸೋಲು ಎಂಬ ಭಾವನೆ ಬೇಡ. ದೂರದ ದಾರಿಗೆ ಅದನ್ನು ಬಳಸಿ ಉಳಿಸಿದ ಬಲವನ್ನು ಮನೆಯೊಳಗಿನ ನಡಿಗೆಗೆ ಇಟ್ಟುಕೊಳ್ಳುವುದು ಜಾಣತನ.

ತೋಟದಲ್ಲಿ ಏನು ಮಾಡಬಹುದು?

ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲು, ಬಿದ್ದ ಅಡಿಕೆ ಹಾಳೆ, ಅಡಿಕೆ ಮರದ ಸಂಕ ಇವೇ ಶತ್ರುಗಳು. ಮನೆಯಿಂದ ಕಣ, ಕೊಟ್ಟಿಗೆ, ಪಂಪುಮನೆಗಳಿಗೆ ಹೋಗುವ ಒಂದೇ ಒಂದು ದಾರಿಯನ್ನಾದರೂ ಸಮಮಾಡಿ, ಸಂಕಕ್ಕೆ ಹಿಡಿಗಂಬಿ ಹಾಕಿಸಬೇಕು. ನೂರು ಹೆಜ್ಜೆಗೊಂದು ಕಲ್ಲುಬೆಂಚು ಇರಲಿ. ಕಾಳುಮೆಣಸಿನ ಏಣಿಯನ್ನು ಮುಟ್ಟಲೇಬಾರದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಉಂಬಳ ಹತ್ತಿದ್ದೂ, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಗಂಬೂಟು ಹಾಕಿ, ಸಂಜೆ ಪಾದವನ್ನು ಕಣ್ಣಾರೆ ನೋಡಿಕೊಳ್ಳಬೇಕು. ಬಚ್ಚಲಿಗೆ ಹಿಡಿಗಂಬಿ, ಸ್ನಾನಕ್ಕೆ ಕುರ್ಚಿ, ಕೂರಲು ಕಮೋಡು, ಇವುಗಳ ಖರ್ಚು ಒಂದು ಸಲ ಬಿದ್ದು ಸೊಂಟ ಮುರಿದುಕೊಳ್ಳುವ ಖರ್ಚಿಗಿಂತ ಕಡಿಮೆ.

ಮೇಲೆ ಹೇಳಿದ ಸದಸ್ಯರು ತೋಟ ಮಾರಲಿಲ್ಲ. ಮರ ಹತ್ತುವ ಕೆಲಸ ಹೇಗೂ ಕೊನೆಗೌಡನದು. ತೋಟ ಸುತ್ತುವುದನ್ನು ಪತ್ನಿ ವಹಿಸಿಕೊಂಡರು. ಲೆಕ್ಕಪತ್ರ, ಕೂಲಿ ಬಟವಾಡೆ, ಔಷಧಿಯ ಪ್ರಮಾಣ, ಮಾರಾಟದ ಮಾತುಕತೆ ಇವರ ಪಾಲಿಗೆ ಉಳಿಯಿತು. ಆಕೆ ಕಿತ್ತು ತಂದು ತೋರಿಸಿದ ಎಲೆಯನ್ನು ನೋಡಿ ಇವರು ರೋಗ ಹೇಳುತ್ತಾರೆ. ಕೂಲಿಯವರಿಗೂ ಕಾಯಿಲೆಯ ಹೆಸರನ್ನು ತಿಳಿಸಿದರು. ನಗು ಅಂದಿಗೇ ನಿಂತಿತು.

ಹಕ್ಕು ಮತ್ತು ನಮ್ಮ ಹೊಣೆ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದು. ಶೇಕಡ 40 ಅಥವಾ ಅದಕ್ಕೆ ಮೇಲ್ಪಟ್ಟ ವೈಕಲ್ಯವೆಂದು ವೈದ್ಯರು ಪ್ರಮಾಣೀಕರಿಸಿದರೆ ಯು.ಡಿ.ಐ.ಡಿ. ಚೀಟಿಯ ಮೂಲಕ ಮಾಸಾಶನ, ಬಸ್ ಪಾಸ್ ಮೊದಲಾದ ಸೌಲಭ್ಯಗಳಿಗೆ ಅರ್ಜಿ ಹಾಕಲು ದಾರಿಯಿದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿ ತುಂಬಲು ನೆರವಾಗುತ್ತಾರೆ.

ಕೊನೆಯದಾಗಿ ಸಂಘದ ಮಾತು. ಸಹಕಾರ ಸಂಘದಲ್ಲಿ ಸದಸ್ಯನು ತಾನೇ ಬಂದು ಮತ ಹಾಕಬೇಕು. ಬದಲಿಗೆ ಇನ್ನೊಬ್ಬರನ್ನು ಕಳುಹಿಸುವಂತಿಲ್ಲ. ಮಹಾಸಭೆ ಮಹಡಿಯ ಮೇಲೆ ನಡೆದರೆ ಕಾಲು ಸೋತವನ ಮತವೂ ಮೆಟ್ಟಿಲ ಬುಡದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಮಹಾಸಭೆಯನ್ನು ನೆಲ ಅಂತಸ್ತಿನಲ್ಲಿಯೇ ನಡೆಸುವ, ತೂಕದ ಕಟ್ಟೆಗೆ ಇಳಿಜಾರು ಹಾಕಿಸುವ ಸಲಹೆಯನ್ನು ಆಡಳಿತ ಮಂಡಳಿಯ ಮುಂದಿಡುತ್ತಿದ್ದೇವೆ. ಕಾಯಿಲೆಯಲ್ಲಿರುವ ಸದಸ್ಯರು ತಮ್ಮ ಷೇರಿಗೆ ನಾಮಿನಿಯ ಹೆಸರು ದಾಖಲಾಗಿದೆಯೇ ಎಂದು ಒಮ್ಮೆ ಪರಿಶೀಲಿಸಿಕೊಳ್ಳಬೇಕು. ನಿಮ್ಮ ಊರಿನಲ್ಲಿ ಹೀಗೆ ಮನೆಯೊಳಗೇ ಉಳಿದ ಬೆಳೆಗಾರರಿದ್ದರೆ ದಯಮಾಡಿ ಕಚೇರಿಗೆ ತಿಳಿಸಿ. ಅವರು ಬರಲಾಗದಿದ್ದರೆ ನಾವೇ ಅವರಲ್ಲಿಗೆ ಹೋಗಿಬರುತ್ತೇವೆ.