ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕಿಗೆ ಮರುಜೀವ

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಅಂಬಾಸಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ರಸ್ತೆಗಿಳಿಸಲು ಹೊರಟವರು ಮೊದಲು ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತಾರೆ. ನಾಲ್ಕು ದಿನ ಓಡಿದ ಗಾಡಿ ಮತ್ತೆ ಕೆಮ್ಮುತ್ತದೆ. ಜೆಟ್ಟಿನಲ್ಲಿ ಸಿಕ್ಕುವ ಕಂದು ಪುಡಿ ಟ್ಯಾಂಕಿನ ತುಕ್ಕು.

ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿಯ ತಂಪಿಗೆ ನೀರಾಗುತ್ತದೆ. ಪೆಟ್ರೋಲಿಗಿಂತ ಭಾರವಾದ್ದರಿಂದ ಆ ನೀರು ತಳ ಸೇರುತ್ತದೆ. ಶೇ. 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲ್ ತೇವವನ್ನು ಇನ್ನಷ್ಟು ಎಳೆದುಕೊಳ್ಳುತ್ತದೆ. ಹಾಗಾಗಿ ತಳದಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಸುತ್ತಲಿನ ತಗಡು ಒಳಗಿನಿಂದ ಸವೆದಿರುತ್ತದೆ. ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ತೂತಿಗೆ ಬಟ್ಟೆ ಸೋಪು ತಿಕ್ಕಿದರೆ ಗಾಡಿ ಮನೆ ಮುಟ್ಟಬಹುದು, ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾದ ಮಾತು: ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು. ಗಾಳಿಗಿಂತ ಭಾರವಾದ ಈ ಆವಿ ನೆಲಕ್ಕಂಟಿಕೊಂಡು ದೂರ ಹರಿಯುತ್ತದೆ. ಬಯಲಿನಲ್ಲಿ ಟ್ಯಾಂಕ್ ಇಳಿಸಿ, ಸೋಪು ಕಲಸಿದ ಬಿಸಿನೀರಿನಿಂದ ಹಲವು ಸಲ ತೊಳೆಯಿರಿ. ವಾಸನೆ ಹೋಯಿತೆಂದು ನಂಬಬೇಡಿ. ಮಡಿಕೆಗಳಲ್ಲಿ, ತುಕ್ಕಿನ ಪದರದಲ್ಲಿ ಅಡಗಿದ ಪೆಟ್ರೋಲ್ ಕಾವು ತಗುಲಿದೊಡನೆ ಆವಿಯಾಗುತ್ತದೆ. ವೆಲ್ಡಿಂಗ್ ಬೇಕಿದ್ದರೆ ಟ್ಯಾಂಕ್ ಕೆಲಸದಲ್ಲೇ ಪಳಗಿದವರ ಕೈಗೆ ಕೊಡಿ. ತೊಳೆಯದ ಟ್ಯಾಂಕನ್ನು ಮುಟ್ಟುವುದಿಲ್ಲ ಎನ್ನುವ ಮೆಕ್ಯಾನಿಕ್ಕೇ ಬಲ್ಲವನು.

ತುಕ್ಕು ತೆಗೆಯಲು ನನಗೆ ಒಪ್ಪಿಗೆಯಾಗುವುದು ವಿದ್ಯುತ್ ವಿಧಾನ. ಪೆಟ್ರೋಲಿನ ಸುಳಿವಿಲ್ಲದಂತೆ ತೊಳೆದ ಟ್ಯಾಂಕಿಗೆ ನೀರು ತುಂಬಿ, ಲೀಟರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ ಕರಗಿಸಬೇಕು. ಬಾಯಿಯಿಂದ ಕಬ್ಬಿಣದ ಸರಳೊಂದನ್ನು ಟ್ಯಾಂಕಿಗೆ ತಾಗದಂತೆ ಇಳಿಬಿಡಬೇಕು. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಪಾಸಿಟಿವ್ ಸರಳಿಗೆ, ನೆಗೆಟಿವ್ ಟ್ಯಾಂಕಿಗೆ. ತುಕ್ಕು ಸಡಿಲಾಗಿ ಉದುರುತ್ತದೆ. ಒಳ್ಳೆಯ ಲೋಹ ಸವೆಯುವುದಿಲ್ಲ. ಆಸಿಡ್ಡಿಗೆ ಆ ವಿವೇಚನೆ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡ, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಹೊಮ್ಮುವುದರಿಂದ ಕೆಲಸ ಬಯಲಲ್ಲೇ ಆಗಲಿ, ಚಾರ್ಜರ್ ಆರಿಸಿದ ಮೇಲಷ್ಟೇ ಕ್ಲಿಪ್ ತೆಗೆಯಿರಿ. ಬಳಿಕ ಬೇಗ ಒಣಗಿಸದಿದ್ದರೆ ಗಂಟೆಗಳಲ್ಲೇ ಹೊಸ ತುಕ್ಕು ಹಿಡಿಯುತ್ತದೆ.

ಎಷ್ಟೋ ಹಳೆಯ ಟ್ಯಾಂಕುಗಳ ತಗಡಿಗೆ ಸೀಸ-ತವರದ ಲೇಪವಿರುತ್ತದೆ. ಬೆಸುಗೆ ಅದಕ್ಕೆ ಚೆನ್ನಾಗಿ ಕೂರುತ್ತದೆ, ಆದರೆ ಒಣಗಿದ್ದಾಗ ಉಜ್ಜಿದರೆ ಸೀಸದ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಸಣ್ಣ ತೂತಿಗೆ ಬೆಸುಗೆ ಸಾಕು. ತಳವೇ ಜಾಳಾಗಿದ್ದರೆ ಕತ್ತರಿಸಿ ಹೊಸ ತಗಡು ಕೂರಿಸಬೇಕು. ಬಾಯಿಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಿಂದ 2 ಪಿಎಸ್‌ಐ ಮೀರದಂತೆ ಗಾಳಿ ತುಂಬಿ, ಸೋಪಿನ ನೀರು ಸವರಿ ಗುಳ್ಳೆ ನೋಡಿ. ಒತ್ತಡ ಹೆಚ್ಚಿದರೆ ಟ್ಯಾಂಕೇ ಉಬ್ಬುತ್ತದೆ.

ಒಳಲೇಪವೆಂದು ಮಾರುವ ಸೀಲರ್ ದುರಸ್ತಿಗೆ ಬದಲಿಯಲ್ಲ. ಹಾಕುವುದಾದರೆ ಎಥನಾಲ್ ತಾಳುವಂಥದ್ದನ್ನೇ ಹಾಕಿ, ಇಲ್ಲದಿದ್ದರೆ ಹಾಳೆಹಾಳೆಯಾಗಿ ಎದ್ದು ಫಿಲ್ಟರ್ ಕಟ್ಟುತ್ತದೆ. ಹಸಿಯಿರುವಾಗಲೇ ಪೆಟ್ರೋಲ್ ಹೀರುವ ಕೊಳವೆಗೂ ಗಾಳಿಕೊಳವೆಗೂ ಊದಿ, ಅವು ಮುಚ್ಚಿಕೊಳ್ಳದಿರಲಿ.

ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಿ. ಇಷ್ಟಾದ ಮೇಲೂ ಸ್ವಲ್ಪ ದೂರ ಓಡಿ ನಿಂತ ಗಾಡಿ ಟ್ಯಾಂಕಿನ ಮುಚ್ಚಳ ತೆರೆದೊಡನೆ ಸ್ಟಾರ್ಟ್ ಆದರೆ, ಟ್ಯಾಂಕಿಗೆ ಗಾಳಿ ಬರುವ ದಾರಿ ಕಟ್ಟಿಕೊಂಡಿದೆ ಎಂದರ್ಥ. ಪಂಪ್ ಬದಲಿಸುವ ಮೊದಲು ಅದನ್ನು ಬಿಡಿಸಿ.