ಅಪ್ಪನಿಗೆ ಕೆಲಸವಿಲ್ಲದಾಗ ಮಗುವಿನ ಜೀವನಾಂಶ

ಜೀವನಾಂಶದ ಅರ್ಜಿಗೆ ಅಪ್ಪಂದಿರ ಕಡೆಯಿಂದ ಬರುವ ಮಾಮೂಲಿ ತಕರಾರು 'ಈಗ ನನಗೆ ಕೆಲಸವಿಲ್ಲ' ಎಂಬುದು. ಕೆಲವರ ಪಾಲಿಗೆ ಅದು ನಿಜ. ಇನ್ನು ಕೆಲವರು ನೋಟಿಸು ಕೈಸೇರಿದ ಮೇಲೆ ರಾಜೀನಾಮೆ ಬರೆದುಕೊಟ್ಟಿರುತ್ತಾರೆ.

ಇಷ್ಟು ಸಂಬಳಕ್ಕೆ ಇಷ್ಟು ಜೀವನಾಂಶ ಎಂಬ ಪಟ್ಟಿ ನಮ್ಮ ಕಾನೂನಿನಲ್ಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ನಿವ್ವಳ ಸಂಬಳದ ಶೇ 25 ಸರಿಯಾದ ಮೊತ್ತ ಎಂದಿತ್ತು. ಅದನ್ನೇ ನಿಯಮವೆಂದು ಹೇಳುವವರಿದ್ದಾರೆ, ಅದು ನಿಯಮವಲ್ಲ. ಸಂಬಳವೇ ಇಲ್ಲವೆಂದರೆ ಕೋರ್ಟು ನೋಡುವುದು ದುಡಿಯುವ ಶಕ್ತಿಯನ್ನು: ವಯಸ್ಸು, ಆರೋಗ್ಯ, ಓದು, ಹಿಂದೆ ಮಾಡುತ್ತಿದ್ದ ಕೆಲಸ. ಗಟ್ಟಿಮುಟ್ಟಾದ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರ ಅಂಜು ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಸಿವಿಗೆ ಅಪ್ಪನ ನೌಕರಿಯ ಗೊಡವೆಯಿಲ್ಲ, ಹಾಗಾಗಿ ಈ ನಿಲುವು ನನಗೆ ನ್ಯಾಯವೆನಿಸುತ್ತದೆ.

ನಿಜ ಸ್ಥಿತಿ ಹೊರಬೀಳುವುದು ಆಸ್ತಿ-ಸಾಲದ ಪ್ರಮಾಣಪತ್ರದಲ್ಲಿ. ಸುಪ್ರೀಂ ಕೋರ್ಟಿನ 2020ರ ರಜನೀಶ್-ನೇಹಾ ತೀರ್ಪಿನ ನಂತರ ಅಪ್ಪ-ಅಮ್ಮ ಇಬ್ಬರೂ ಇದನ್ನು ಸಲ್ಲಿಸಬೇಕು. ಬ್ಯಾಂಕ್ ಖಾತೆ, ಆದಾಯ ತೆರಿಗೆ ವಿವರ, ಮನೆ ಬಾಡಿಗೆ, ವಾಹನ, ಸಾಲದ ಕಂತು, ತಿಂಗಳ ಖರ್ಚು ಎಲ್ಲವೂ ಅದರಲ್ಲಿ ಬರುತ್ತವೆ. ಆದಾಯ ಸೊನ್ನೆ ಎಂದು ಬರೆದವರ ಖಾತೆಯಿಂದ ಪ್ರತಿ ತಿಂಗಳೂ ಕಾರಿನ ಕಂತು ಕಟ್ಟಾಗುತ್ತಿದ್ದರೆ, ಆ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಬೇಕೆಂದೇ ಸುಳ್ಳು ಬರೆದರೆ ಅದಕ್ಕೆ ಬೇರೆ ಕ್ರಮವೂ ಉಂಟು.

ಒಂದು ಲೆಕ್ಕ ಹಾಕಿ ನೋಡೋಣ. ಶಾಲೆಯ ಫೀಸು, ವ್ಯಾನು, ಊಟ, ಔಷಧಿ, ಬಾಡಿಗೆಯಲ್ಲಿ ಮಗುವಿನ ಪಾಲು ಸೇರಿ ತಿಂಗಳಿಗೆ 12,000 ರೂಪಾಯಿ. ಅಮ್ಮನ ಸಂಬಳ 20,000. ಅಪ್ಪ ಕೆಲಸ ಬಿಟ್ಟಿದ್ದಾನೆ, ಆದರೆ ಅವನ ಓದು, ಅನುಭವ ನೋಡಿದರೆ 40,000 ದುಡಿಯಬಲ್ಲ ಎಂದು ಕೋರ್ಟಿಗೆ ಮನವರಿಕೆಯಾಯಿತು ಎನ್ನಿ. ಎರಡಕ್ಕೆ ಒಂದರಂತೆ ಹಂಚಿದರೆ ಅವನ ಪಾಲು 8,000. ಸಂಬಳಕ್ಕೆ ತಕ್ಕಂತೆ ಇಬ್ಬರೂ ಭರಿಸಬೇಕೆಂಬ ಈ ಕ್ರಮವನ್ನು ಸುಪ್ರೀಂ ಕೋರ್ಟ್ 2000ದ ಪದ್ಮಜಾ ಶರ್ಮಾ ಪ್ರಕರಣದಲ್ಲೇ ಅನುಸರಿಸಿತ್ತು.

ನಿಜವಾಗಿಯೂ ಕೆಲಸ ಕಳೆದುಕೊಂಡವರು ಏನು ಮಾಡಬೇಕು? ತಾವಾಗಿಯೇ ಹಣ ನಿಲ್ಲಿಸಬಾರದು. ಕೆಲಸದಿಂದ ತೆಗೆದ ಪತ್ರ, ಹೊಸ ಕೆಲಸಕ್ಕೆ ಹಾಕಿದ ಅರ್ಜಿಗಳು, ಕಾಯಿಲೆಯಾದರೆ ಆಸ್ಪತ್ರೆಯ ದಾಖಲೆ ಇಟ್ಟು ಮೊತ್ತ ಇಳಿಸಿಕೊಡಿ ಎಂದು ಕೂಡಲೇ ಕೇಳಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಲ್ಲಿ ಅದಕ್ಕೆ ದಾರಿಯಿದೆ. ಸುಮ್ಮನಿದ್ದರೆ ಬಾಕಿ ಬೆಳೆಯುತ್ತದೆ, ಜೈಲಿಗೂ ಹೋಗಬೇಕಾದೀತು. ಜೈಲಿಗೆ ಹೋಗಿಬಂದರೂ ಬಾಕಿ ತೀರುವುದಿಲ್ಲ.

ಮಗುವನ್ನು ಇಟ್ಟುಕೊಂಡ ತಾಯಂದಿರು ಅರ್ಜಿ ಹಾಕಲು ತಡಮಾಡಬಾರದು. ರಜನೀಶ್-ನೇಹಾ ತೀರ್ಪಿನಂತೆ ಜೀವನಾಂಶ ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದಿಂದ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.